ಸದ್ಯಕ್ಕೆ

ಫ್ಯೂಸಿನ ಜಾಗದಲ್ಲಿ ಸಿಗರೇಟಿನ ಬೇಗಡೆ ಸುತ್ತಿತ್ತು.
ಅಲ್ಲಿಗೇ ಗೊತ್ತಾಯಿತು, ಇದು ಬಹಳ ಕೈ ದಾಟಿದ ಪೆಟ್ಟಿಗೆ.

ಗುದೈಬಿಯದ ಓಣಿ, ಆಗಸ್ಟು.
ಮೇಲಿನ ಮಹಡಿಯ ಏಸಿಯ ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ
ನನ್ನ ಬೋರ್ಡಿನ ಕೊನೆಯ ಅಕ್ಷರ ತಿಂದಿದೆ.
ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟು ಬಿಗಿದು
ಕೂರಿಸಿಕೊಂಡು ಬಂದಿದ್ದರು ಬೂ ರಾಶಿದ್,
ಜ್ವರದ ಮೊಮ್ಮಗನನ್ನು ತರುವ ಹಾಗೆ.
"ಹಾಡುವುದಿಲ್ಲ," ಎಂದರು, "ಬರೀ ನರಳುತ್ತದೆ."

ಹಿಂದಿನ ಹಲಗೆ ಬಿಚ್ಚಿದೆ.
ಧೂಳು. ನಮ್ಮ ಕಡೆಯ ಕೆಂಪು ಧೂಳಲ್ಲ,
ಮುಚ್ಚಿದ ಕಿಟಕಿಯನ್ನೂ ಲೆಕ್ಕಿಸದ
ಶಮಾಲ್ ಗಾಳಿಯ ಟಾಲ್ಕಂ ಪೌಡರು.
ಒಂದು ಒಣ ಜಿರಲೆ. ಒಂದು ಖರ್ಜೂರದ ಬೀಜ.
ಅದು ಹೇಗೆ ಬಂತು ಎಂದು ನಾನು ಕೇಳಲಿಲ್ಲ.

ಎಡಗೈ ಜೇಬಿನೊಳಗೆ.
ಭಟ್ಕಳದ ಬಸ್‌ಸ್ಟ್ಯಾಂಡಿನೆದುರು, ರೇಡಿಯೋ ಕಾಲದಲ್ಲಿ,
ಅಣ್ಣ ಕಲಿಸಿದ್ದು:
ಒಂದು ಕೈ ಮಿಷಿನಿಗೆ, ಒಂದು ಕೈ ಹೆಂಡತಿ ಮಕ್ಕಳಿಗೆ.
ಪ್ಲಗ್ಗು ಕಿತ್ತು ದಿನವಾದರೂ ಕಂಡೆನ್ಸರು
ಮುನ್ನೂರು ವೋಲ್ಟು ಹೊಟ್ಟೆಯಲ್ಲಿಟ್ಟುಕೊಂಡಿರುತ್ತದೆ,
ಹಳೇ ಜಗಳದಂತೆ.
ಇವು ಏನೂ ಇಟ್ಟುಕೊಂಡಿರಲಿಲ್ಲ.
ಮೀಟರಿನ ಮುಳ್ಳು ಅಲುಗಲಿಲ್ಲ.
ಒಳಗಿನ ರಸ ಆರಿ, ತುದಿಯಲ್ಲಿ ಬಿಳಿ ಹಕ್ಕಳೆ.
ನರಳಿಕೆ ಇಲ್ಲಿಯದು.

ಆದರೂ ಒಮ್ಮೆ ಎಲ್ಲ ನೋಡಬೇಕಲ್ಲ.
ಚಾಸಿ ಮಗುಚಿ ಟಾರ್ಚು ಹಿಡಿದರೆ
ತಗಡಿನ ಮೇಲೆ ಪೆನ್ಸಿಲಿನಲ್ಲಿ, ಕನ್ನಡದಲ್ಲಿ:

*ಸದ್ಯಕ್ಕೆ. ಸರಿಯಾದ್ದು ಬಂದ ಮೇಲೆ ಹಾಕುವುದು. ೭-೩-೭೯*

'ದ್ಯ'ದ ಒತ್ತು ಸ್ಕ್ರೂವಿನ ತಲೆಗೆ ಸುತ್ತು ಹಾಕಿತ್ತು.
ಪಕ್ಕದಲ್ಲಿ ಅವನ ಕೆಲಸ:
ನಾನೂರ ಎಪ್ಪತ್ತು ಓಮು ಬೇಕಾದಲ್ಲಿ
ಸಾವಿರದ್ದು ಎರಡನ್ನು ಅಕ್ಕಪಕ್ಕ ಕಟ್ಟಿ ಐನೂರು ಮಾಡಿ,
ಬೆಸುಗೆ ಎಂಥದ್ದು, ಅಕ್ಕಸಾಲಿಗನ ಹನಿ.
ಅಳೆದೆ. ಐನೂರ ಆರು.
ನಾಲ್ಕು ದಶಕ ದಾಟಿ ಆರೇ ಆರು ಓಮು ಜಾರಿದ್ದಾನೆ.

"ಯಾರು ಇವರು?"
ಬೂ ರಾಶಿದ್ ಕನ್ನಡಕ ಹಣೆಗೇರಿಸಿದರು.
ಸಿತ್ರಾ ರಿಫೈನರಿಯಲ್ಲಿ ಹಗಲು ಪಾಳಿ, ತೆಳ್ಳಗಿದ್ದ,
ಚಹಾಕ್ಕೆ ಸಕ್ಕರೆ ಬೇಡ ಎನ್ನುತ್ತಿದ್ದ.
ಹೆಸರು... ಹೆಸರು ಬರಲಿಲ್ಲ ಅವರಿಗೆ.
"ಹಿಂದಿ ಅಂತಲೇ ಕರೆಯುತ್ತಿದ್ದೆವು.
ಏನು ಬರೆದಿದ್ದಾನೆ?"

ಇಪ್ಪತ್ತೆರಡು ವರ್ಷದ ನನ್ನ ಅರಬ್ಬಿ ಅಲ್ಲಿ ನಿಂತಿತು.
"ಅಲ್ಹೀನ್," ಎಂದೆ. "ಅಲ್ಹೀನ್, ಬಸ್."
ಅವರು ಕೆಮ್ಮು ಬರುವ ತನಕ ನಕ್ಕರು.
ನನಗೂ ನಗು ಬಂತು, ಕಣ್ಣು ಮಾತ್ರ ಶಟರಿನ ಮೇಲೆ.
ಅದರ ಕೊಂಡಿಗೊಂದು ತಂತಿ ಬಿಗಿದು ಹನ್ನೊಂದು ವರ್ಷ.

ಹೊಸ ಕಂಡೆನ್ಸರು ಬರಲು ಹದಿನೆಂಟು ದಿನ.
ಅರವತ್ತು ವಾಟಿನ ಬಲ್ಬನ್ನು ಸಾಲಿನಲ್ಲಿ ಸಿಕ್ಕಿಸಿ
ಕರೆಂಟು ಕೊಟ್ಟೆ.
ಹತ್ತಿಕೊಂಡೇ ಇದ್ದರೆ ಕೆಟ್ಟೆವು.
ಭಗ್ಗೆಂದಿತು, ಯೋಚಿಸಿತು, ಮಂಕಾಯಿತು.
ವಾಲ್ವುಗಳು ಒಂದೊಂದಾಗಿ ಕಿತ್ತಳೆಯಾದವು.
ಕಾದ ಧೂಳಿನ ವಾಸನೆ, ಮೇಣದ ವಾಸನೆ.

ಬೂ ರಾಶಿದರ ಬೆರಳು ಈಗ ಮಡಚುವುದಿಲ್ಲ.
ಎಡಗೈಯನ್ನು ಗಿಟಾರಿನ ಕುತ್ತಿಗೆಯ ಮೇಲೆ ಸುಮ್ಮನಿಟ್ಟು
ಬಲ ಹೆಬ್ಬೆರಳಲ್ಲಿ ಆರೂ ತಂತಿಯನ್ನು ಬಿಡಿಬಿಡಿಯಾಗಿ ಎಳೆದರು.
ಓಣಿಯಲ್ಲಿ ಸೈಕಲ್ಲಿನ ಹುಡುಗನೊಬ್ಬ ಕಾಲೂರಿ ನಿಂತ.
ಮತ್ತೆ ಎಳೆದರು, ಕೆಳಗಿನದನ್ನೇ,
ಅದು ಪೂರ್ತಿ ಮುಗಿಯುವ ತನಕ ಕೈ ಎತ್ತಲಿಲ್ಲ.

"ಅಡಿಯಲ್ಲಿ ಸ್ವಲ್ಪ ಗುಂಯ್ ಉಳಿದಿದೆ," ಎಂದೆ.
"ಅದು ಆಗಲೂ ಇತ್ತು," ಎಂದರು.

ಸರಿಯಾದ್ದು ನನ್ನ ಡ್ರಾಯರಿನಲ್ಲೇ ಇತ್ತು.
ಹಳದಿ, ನೇರಳೆ, ಕಂದು ಪಟ್ಟಿ.
ತೆಗೆದು, ಅಂಗೈಯಲ್ಲಿ ಉರುಳಿಸಿ, ಮತ್ತೆ ಅಲ್ಲೇ ಇಟ್ಟೆ.
ಫ್ಯೂಸು ಮಾತ್ರ ಹೊಸದು ಹಾಕಿದೆ. ಬೇಗಡೆ ಎಸೆದೆ.
ಲೆಕ್ಕ ಚುಕ್ತ ಮಾಡಿ, ಪೆಟ್ಟಿಗೆಗೆ ಬೆಲ್ಟು ಬಿಗಿದು,
ಬೂ ರಾಶಿದ್ ತಿರುಗಿ ಬಂದರು.
ಖರ್ಜೂರದ ಬೀಜ ಕೇಳಿ ತೆಗೆದುಕೊಂಡು ಹೋದರು.